ಗೂಗೆಗಳ ಉಪಾಧ್ಯಾಯರು

ನಮ್ಮ ವಾಚಕರಲ್ಲಿ ಕಾಲ್ಚೆಂಡಿನಾಟದ ಮರ್ಮವನ್ನು ಬಲ್ಲವರು ಕೆಲವರು. ಅದು ನೆರೆಮನೆಯ ಕಿಟಕಿಯ ಗಾಜನ್ನು ಒಡೆಯುವುದಕ್ಕೆ ಹುಡುಗರು ಕಂಡುಹಿಡಿದುಕೊಂಡ ಉಪಾಯವೆಂದು ಮಾತ್ರ ತಿಳಿದವರು ಹಲವರು. ಈ ತಿಂಗಳ ಪ್ರಸ್ತಾಪವು ಇಬ್ಬಗೆಯವರಿಗೂ ಸಲ್ಲತಕ್ಕುದೆಂದು ನಂಬಿ ಬರೆಯುತ್ತಿದ್ದೇನೆ. ಏಕೆಂದರೆ ಇದು ಆಟದ ವಿಷಯವಾಗಿರುವಷ್ಟೇ ಮಟ್ಟಿಗೆ ಪಾಠ ಹೇಳುವವನ ವಿಷಯವೂ ಆಗಿದೆ. ಪಾಠ ಹೇಳಿಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ.

ಫಿನ್ಲೆಂಡ್ ದೇಶದ ಮಾರ್ಕು ಕನೆರ್ವ ಎಂಬವರು 1964ನೆಯ ಇಸವಿ ಮೇ ತಿಂಗಳಲ್ಲಿ ಹೆಲ್ಸಿಂಕಿ ನಗರದಲ್ಲಿ ಹುಟ್ಟಿದರು. ಅವರು ಮೊದಲು ಆಟಗಾರರು. ಬಳಿಕ ಶಾಲೆಯ ಉಪಾಧ್ಯಾಯರು. ಅದರ ಬಳಿಕ ತಮ್ಮ ದೇಶದ ತಂಡಕ್ಕೆ ಶಿಕ್ಷಕರು. ಲೋಕವು ಅವರನ್ನು ಅರಿತದ್ದು ಈ ಮೂರನೆಯ ಪದವಿಯಿಂದ. ಆದರೆ ಮೂರನೆಯದಕ್ಕೆ ಎರಡನೆಯದೇ ಬೇರೆಂದು ನನಗೆ ತೋರುತ್ತದೆ. ಮೂವತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತವನ ಪಕ್ಷಪಾತವಿದು ಎಂದು ಯಾರಾದರೂ ಹೇಳಿದರೆ ಅದಕ್ಕೂ ನನ್ನ ಆಕ್ಷೇಪಣೆಯಿಲ್ಲ.

ಫಿನ್ಲೆಂಡು ಭೂಮಿಯ ಉತ್ತರದ ಅಂಚಿನಲ್ಲಿರುವ ದೇಶ. ಜನಸಂಖ್ಯೆಯು ಸುಮಾರು 55 ಲಕ್ಷ. ಎಂದರೆ ನಮ್ಮ ಬೆಂಗಳೂರು ನಗರದ ಜನರಲ್ಲಿ ಅರ್ಧದಷ್ಟೂ ಇಲ್ಲ. ವರ್ಷದಲ್ಲಿ ಹಲವು ತಿಂಗಳು ನೆಲವು ಹಿಮದಿಂದ ಮುಚ್ಚಿರುತ್ತದೆ. ಆದುದರಿಂದ ಅಲ್ಲಿನ ಹುಡುಗರಿಗೆ ಹಿಮದ ಮೇಲೆ ಜಾರುವುದು, ಮಂಜುಗಡ್ಡೆಯ ಮೇಲೆ ಹಾಕಿ ಆಡುವುದು ಇವೇ ಮೊದಲು ಒದಗುವ ಆಟಗಳು. ಕಾಲ್ಚೆಂಡಿನ ದೇಶೀಯ ಪಂದ್ಯಗಳು ವಸಂತದಲ್ಲಿ ಮೊದಲಾಗಿ ಶರತ್ಕಾಲದಲ್ಲಿ ಮುಗಿದುಹೋಗಬೇಕು. ಅವರ ಭಾಷೆಯಲ್ಲಿ ಈ ಆಟಕ್ಕೆ ಯಲ್ಕಪಲ್ಲೊ ಎಂದು ಹೆಸರು. ಯಲ್ಕ ಎಂದರೆ ಕಾಲು, ಪಲ್ಲೊ ಎಂದರೆ ಚೆಂಡು. ನಮ್ಮ ಕಾಲ್ಚೆಂಡೆಂಬ ಸಮಾಸಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಭಾಷೆಯ ವಿಭಕ್ತಿಪ್ರತ್ಯಯಗಳೂ ನಮ್ಮವುಗಳಂತೆ ಶಬ್ದದ ಬಾಲಕ್ಕೆ ಅಂಟಿಕೊಳ್ಳುತ್ತವೆ: ತಲೊ ಎಂದರೆ ಮನೆ, ತಲೊಸ್ಸ ಎಂದರೆ ಮನೆಯಲ್ಲಿ. ದ್ರಾವಿಡ ಭಾಷೆಗಳ ವ್ಯಾಕರಣವನ್ನು 1856ರಲ್ಲಿ ಬರೆದ ಕಾಲ್ಡ್‌ವೆಲ್ ಪಾದ್ರಿಗಳು ಈ ಬಗೆಯ ಹೋಲಿಕೆಗಳನ್ನು ನೋಡಿ ಮರುಳಾಗಿ, ನಮ್ಮ ಭಾಷೆಗಳಿಗೂ ಫಿನ್ನರ ಭಾಷೆಗೂ ನಂಟು ಹೇಳಿದರು. ಈಚಿನ ವಿದ್ವಾಂಸರು ಆ ನಂಟಸ್ತಿಕೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಪ್ಪದಿದ್ದರೂ ಆ ಪ್ರತ್ಯಯಗಳನ್ನು ನೋಡಿದಾಗ ಕನ್ನಡಿಗನಿಗೆ ದೂರದ ಊರಿನಲ್ಲಿ ತನ್ನ ಮನೆಯ ಪಾತ್ರೆಯನ್ನು ಕಂಡಂತಾಗುವುದೇನೋ ದಿಟ. ಇರಲಿ, ವ್ಯಾಕರಣವನ್ನು ಬಿಟ್ಟು ಬಯಲಿಗೆ ಬರೋಣ.

ಫಿನ್ಲೆಂಡಿನವರ ಕಾಲ್ಚೆಂಡಿನ ಸಂಘವು 1907ರಲ್ಲಿ ಸ್ಥಾಪಿತವಾಯಿತು. ಆಗ ಆ ದೇಶವು ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಸ್ವಾತಂತ್ರ್ಯವು ಬಂದದ್ದು 1917ರ ಡಿಸೆಂಬರಿನಲ್ಲಿ. ಅದಕ್ಕೆ ಐದು ವರ್ಷ ಮುಂಚೆ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಕ್ರೀಡೆಗಳಲ್ಲಿ, ಈ ಪರಾಧೀನ ಪ್ರಜೆಗಳ ತಂಡವು ಇಟಲಿಯನ್ನು 3-2ರಿಂದ ಸೋಲಿಸಿ, ಮಾರನೆಯ ದಿನವೇ ತನ್ನನ್ನು ಆಳುತ್ತಿದ್ದ ರಷ್ಯದ ತಂಡವನ್ನು 2-1ರಿಂದ ಸೋಲಿಸಿತು. ಕೊನೆಗೆ ನಾಲ್ಕನೆಯ ಸ್ಥಾನವು ದೊರೆಯಿತು. ಇಂತಹ ಆರಂಭವನ್ನು ಕಂಡವರು ಮುಂದೆ ದೊಡ್ಡ ಬೆಳೆಯನ್ನೇ ನಿರೀಕ್ಷಿಸಿದ್ದರೆ ಅವರನ್ನು ದೂರುವಂತಿಲ್ಲ. ಆದರೆ 1938ರ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಿಂದ ಮೊದಲುಗೊಂಡು ಎಂಬತ್ತು ವರ್ಷಗಳ ಕಾಲ ವಿಶ್ವಕಪ್ಪಿಗಾಗಲಿ ಯೂರೋಪಿನ ಮಹಾಸ್ಪರ್ಧೆಗಾಗಲಿ ಫಿನ್ಲೆಂಡಿನ ಗಂಡಸರ ತಂಡವು ಒಮ್ಮೆಯೂ ಪ್ರವೇಶ ಪಡೆಯಲಿಲ್ಲ. ಬಾಗಿಲವರೆಗೆ ಹೋಗುವುದು, ಹೊಸ್ತಿಲಲ್ಲಿ ಎಡವುವುದು, ಇದೇ ಪದ್ಧತಿಯಾಯಿತು.

ಒಂದೆರಡು ಎಡವುಗಳನ್ನು ಹೇಳದಿದ್ದರೆ ಮುಂದಿನದರ ರುಚಿ ತಿಳಿಯದು. 1997ರ ಅಕ್ಟೋಬರ್ 11ರಂದು ಹೆಲ್ಸಿಂಕಿಯಲ್ಲಿ ಹಂಗೆರಿಯ ತಂಡದೊಡನೆ ಪಂದ್ಯ. ಗೆದ್ದರೆ ವಿಶ್ವಕಪ್ಪಿನ ದಾರಿಯಲ್ಲಿ ಇನ್ನೊಂದು ಮೆಟ್ಟಲು ದೊರೆಯುತ್ತಿತ್ತು. ಫಿನ್ಲೆಂಡು ಒಂದು ಗೋಲಿನಿಂದ ಮುಂದಿತ್ತು. ನಿಗದಿಯಾದ ಕಾಲವೂ ಮುಗಿದಿತ್ತು. ಉಳಿದದ್ದು ತೀರ್ಪುಗಾರನು ಕೂಡಿಸಿದ ಕೆಲವು ಕ್ಷಣಗಳು ಮಾತ್ರ. ಆಗ ಗೋಲಿನ ಮುಂದೆ ಗಲಿಬಿಲಿಯಾಗಿ, ಚೆಂಡು ಫಿನ್ಲೆಂಡಿನವರ ಮೈಗೇ ಒಂದೆರಡು ಸಲ ತಗಲಿ ಅವರ ಬಲೆಯೊಳಗೇ ಉರುಳಿಹೋಯಿತು. ಪಂದ್ಯವು ಸಮವಾಯಿತು, ಮೆಟ್ಟಲು ಹಂಗೆರಿಯ ಪಾಲಾಯಿತು. ಆ ಮೆಟ್ಟಲನ್ನು ಹತ್ತಿದ ಹಂಗೆರಿಯವರು ಯುಗೊಸ್ಲಾವಿಯದ ಎದುರು ಎರಡು ಪಂದ್ಯಗಳಲ್ಲಿ ಕೂಡಿ ಹನ್ನೆರಡು ಗೋಲುಗಳನ್ನು ತಿಂದರೆಂಬುದು ಬೇರೆ ಕಥೆ. ಹತ್ತು ವರ್ಷಗಳ ಮೇಲೆ, 2007ರ ನವೆಂಬರಿನಲ್ಲಿ, ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಗೆದ್ದೇ ತೀರಬೇಕಾಗಿದ್ದ ಪಂದ್ಯವು ಗೋಲುಗಳಿಲ್ಲದೆ ಮುಗಿಯಿತು.

ಇದರಲ್ಲಿ ಸೋಜಿಗವೇನೆಂದರೆ, ಆ ಕಾಲದಲ್ಲಿ ಫಿನ್ಲೆಂಡಿಗೆ ಮಹಾಪಟುಗಳ ಕೊರತೆಯಿರಲಿಲ್ಲ. ಯಾರಿ ಲಿತ್ಮನೆನ್ ಎಂಬವನು ಆಮ್ಸ್ಟರ್‌ಡಾಮಿನ ಅಯಾಕ್ಸ್ ತಂಡದೊಡನೆ 1995ರಲ್ಲಿ ಯೂರೋಪಿನ ಕ್ಲಬ್ಬುಗಳ ಕಿರೀಟವನ್ನು ಗೆದ್ದವನು. ಸ್ವದೇಶಕ್ಕಾಗಿ 137 ಪಂದ್ಯಗಳನ್ನು ಆಡಿದನು. ಸಾಮಿ ಹ್ಯುಪಿಯಾ ಎಂಬ ಎತ್ತರದ ಆಳು ಲಿವರ್‌ಪೂಲ್ ತಂಡದೊಡನೆ 2005ರಲ್ಲಿ ಅದೇ ಕಿರೀಟವನ್ನು ಗೆದ್ದನು. ಸ್ವದೇಶಕ್ಕಾಗಿ 105 ಪಂದ್ಯಗಳನ್ನು ಆಡಿದನು. ಇಂತಹವರಿದ್ದೂ ಹೊಸ್ತಿಲನ್ನು ದಾಟಲಾಗಲಿಲ್ಲ. ತರಗತಿಯಲ್ಲಿ ಇಬ್ಬರು ಅತಿ ಜಾಣರಿದ್ದ ಮಾತ್ರಕ್ಕೆ ತರಗತಿಯ ಫಲಿತಾಂಶವು ಮೇಲೇಳುವುದಿಲ್ಲವೆಂಬುದನ್ನು ಯಾವ ಉಪಾಧ್ಯಾಯನೂ ಬಲ್ಲನು.

ಇನ್ನು ಗೂಗೆಯ ಪ್ರಸಂಗ. 2007ರ ಜೂನ್ 6ರಂದು ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬೆಲ್ಜಿಯಮ್ಮಿನೊಡನೆ ಪಂದ್ಯವು ನಡೆಯುತ್ತಿರುವಾಗ ಎಲ್ಲಿಂದಲೋ ಒಂದು ದೊಡ್ಡ ಕೊಂಬಿನ ಗೂಗೆ ಹಾರಿಬಂದು ಬಯಲಿನ ಮೇಲೆ ಇಳಿಯಿತು. ಬಳಿಕ ಒಂದು ಗೋಲಿನ ತೊಲೆಯ ಮೇಲೆ ಕುಳಿತು, ಅಲ್ಲಿಂದೆದ್ದು ಇನ್ನೊಂದು ಗೋಲಿನ ಮೇಲೆ ಕುಳಿತು, ನೆರೆದ ಸಾವಿರಾರು ಜನರನ್ನು ಕತ್ತು ತಿರುಗಿಸಿ ತಿರುಗಿಸಿ ನೋಡಿತು. ತೀರ್ಪುಗಾರನು ಆಟವನ್ನು ನಿಲ್ಲಿಸಬೇಕಾಯಿತು. ಜನರು ಆ ಹಕ್ಕಿಯ ಹೆಸರನ್ನು, ಹೂಹ್ಕಯ, ಹೂಹ್ಕಯ ಎಂದು ಒಕ್ಕೊರಲಿನಿಂದ ಕೂಗತೊಡಗಿದರು. ಅಂದಿನ ಪಂದ್ಯದಲ್ಲಿ ಫಿನ್ಲೆಂಡು 2-0ಯಿಂದ ಗೆದ್ದಿತು. ಅಂದಿನಿಂದ ತಂಡಕ್ಕೆ ಗೂಗೆಗಳು ಎಂಬುದೇ ಹೆಸರಾಗಿ ನಿಂತಿತು. ಬೂಬಿ ಎಂದು ಹೆಸರು ಪಡೆದ ಆ ಹಕ್ಕಿಯನ್ನು ಹೆಲ್ಸಿಂಕಿಯವರು ಆ ವರ್ಷದ ಶ್ರೇಷ್ಠ ಪೌರನೆಂದು ಆರಿಸಿ ಗೌರವಿಸಿದರು.

ನಮ್ಮ ಕಡೆ ಗೂಗೆಯು ಮನೆಯ ಮೇಲೆ ಕುಳಿತರೆ ಶಾಂತಿ ಮಾಡಿಸುವವರುಂಟು. ಪಂಚತಂತ್ರದ ಕಾಕೋಲೂಕೀಯದಲ್ಲಿ ಪಾಪ, ಅದಕ್ಕೆ ಸೋಲೇ ಗತಿ. ಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನಿಗೆ ದುರ್ಬುದ್ಧಿಯನ್ನು ಕಲಿಸಿದ ಅಪಕೀರ್ತಿಯೂ ಅದರದೇ. ಆದರೆ ವಂಗದೇಶದವರು ಅದನ್ನು ಲಕ್ಷ್ಮಿಯ ವಾಹನವೆಂದು ಪೂಜಿಸುತ್ತಾರೆ. ವೈಶೇಷಿಕ ದರ್ಶನಕ್ಕೆ ಔಲೂಕ್ಯವೆಂದು ಹೆಸರಿರುವುದನ್ನೂ ಪಂಡಿತರು ಬಲ್ಲರು. ಶಕುನವು ಹಕ್ಕಿಯಲ್ಲಿಲ್ಲ, ನೋಡುವವನ ಊರಿನಲ್ಲಿದೆ.

ಈಗ ಕನೆರ್ವ ಮಹಾಶಯರ ವಿಷಯಕ್ಕೆ ಬರುತ್ತೇನೆ. ಅವರು ಆಡುತ್ತಿದ್ದಾಗ ರಕ್ಷಣೆಯ ಸಾಲಿನವರು. ಗೋಲು ಹೊಡೆದವನ ಹೆಸರು ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುತ್ತದೆ. ಹೊಡೆಯಗೊಡದೆ ತಡೆದವನ ಹೆಸರು ಬರುವುದೇ ಇಲ್ಲ. ಹೆಲ್ಸಿಂಕಿಯ ಎಚ್.ಜೆ.ಕೆ. ಎಂಬ ಪ್ರಸಿದ್ಧ ಕ್ಲಬ್ಬಿನಲ್ಲಿ ಅವರು ಬಹುಕಾಲ ಆಡಿದರು. ದೇಶಕ್ಕಾಗಿ 59 ಪಂದ್ಯಗಳನ್ನು ಆಡಿ, ಅಷ್ಟರಲ್ಲಿಯೂ ಒಂದೇ ಒಂದು ಗೋಲನ್ನು ಹೊಡೆದರು. ಇದರೊಂದಿಗೆ ಉಪಾಧ್ಯಾಯರ ಶಿಕ್ಷಣವನ್ನು ಪಡೆದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಆ ದೇಶದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವನೂ ವಿಶ್ವವಿದ್ಯಾನಿಲಯದಲ್ಲಿ ಓದಿ ಸ್ನಾತಕೋತ್ತರ ಪದವಿಯನ್ನು ಪಡೆದಿರಬೇಕೆಂಬ ನಿಯಮವು 1970ರ ದಶಕದ ಕೊನೆಯಿಂದಲೂ ಇದೆ. ಅಕ್ಷರ ಕಲಿಸುವುದಕ್ಕೆ ಯಾರಾದರೂ ಸಾಕು, ಮೇಲಿನ ತರಗತಿಗೆ ಮಾತ್ರ ಪಂಡಿತರು ಬೇಕು ಎಂಬ ನಮ್ಮಲ್ಲಿನ ಭಾವನೆಗೆ ಇದು ನೇರ ವಿರುದ್ಧ. ಅಡಿಪಾಯಕ್ಕೆ ಒಳ್ಳೆಯ ಕಲ್ಲನ್ನು ಹಾಕಬೇಕೆಂಬುದು ಅವರ ಮತ.

ಆಟವನ್ನು ಬಿಟ್ಟ ಮೇಲೆ ಅವರು ತರುಣರ ತಂಡಗಳನ್ನು ತಿದ್ದುವ ಕೆಲಸಕ್ಕೆ ತೊಡಗಿದರು. ಇಪ್ಪತ್ತೊಂದು ವರ್ಷದೊಳಗಿನವರ ತಂಡವು ಅವರ ಕೈಕೆಳಗೆ 2009ರಲ್ಲಿ ಸ್ವೀಡನ್ನಿನಲ್ಲಿ ನಡೆದ ಯೂರೋಪಿನ ಸ್ಪರ್ಧೆಗೆ ಪ್ರವೇಶವನ್ನು ಪಡೆಯಿತು. ಅಲ್ಲಿ ಇಂಗ್ಲೆಂಡು, ಜರ್ಮನಿ, ಸ್ಪೇನ್ ಈ ಮೂವರ ಕೈಯಲ್ಲಿಯೂ ಸೋತು ಹಿಂದಿರುಗಿತು. ಸೋತರೂ ಆ ಹುಡುಗರು ದೊಡ್ಡವರ ಸ್ಪರ್ಧೆ ಹೇಗಿರುತ್ತದೆಂಬುದನ್ನು ಕಣ್ಣಾರೆ ಕಂಡುಬಂದರು. ಅವರಲ್ಲಿ ಟಿಮ್ ಸ್ಪಾರ್ವ್ ಎಂಬವನು ಹತ್ತು ವರ್ಷಗಳ ಮೇಲೆ ಹಿರಿಯರ ತಂಡಕ್ಕೆ ನಾಯಕನಾಗಿದ್ದನು. ಉಪಾಧ್ಯಾಯನು ಬಿತ್ತಿದ್ದು ಬೆಳೆಯಾಗಿ ಕಾಣಬೇಕಾದರೆ ಇಷ್ಟು ಕಾಲವಾದರೂ ಹಿಡಿಯುತ್ತದೆ. ಅಷ್ಟರೊಳಗೆ ಸಾಮಾನ್ಯವಾಗಿ ಉಪಾಧ್ಯಾಯನಿಗೆ ವರ್ಗವಾಗಿರುತ್ತದೆ.

ಕನೆರ್ವರಿಗೆ ವರ್ಗವಾಗಲಿಲ್ಲ, ಅದಕ್ಕಿಂತ ಕಠಿನವಾದ ಪರೀಕ್ಷೆಯೊಂದು ಒದಗಿತು. ಅವರು ಹಿರಿಯರ ತಂಡಕ್ಕೆ ಸಹಾಯಕ ಶಿಕ್ಷಕರಾಗಿದ್ದರು. ಮುಖ್ಯ ಶಿಕ್ಷಕರಾಗಿದ್ದ ಮಿಕ್ಸು ಪಾತೆಲೈನೆನ್ ಎಂಬವರನ್ನು, ಪಂದ್ಯಗಳಲ್ಲಿ ಸೋಲುಗಳು ಹೆಚ್ಚಿದ್ದರಿಂದ, 2015ರ ಜೂನ್ ತಿಂಗಳಲ್ಲಿ ಸಂಘದವರು ಬಿಡಿಸಿದರು. ಮುಂದಿನ ವರ್ಷದ ಮೊದಲಿಂದ ಸ್ವೀಡನ್ನಿನ ಹಾನ್ಸ್ ಬಾಕೆ ಎಂಬವರು ಅಧಿಕಾರವನ್ನು ವಹಿಸತಕ್ಕುದೆಂದು ಗೊತ್ತಾಯಿತು. ನಡುವೆ ಉಳಿದ ನಾಲ್ಕು ಪಂದ್ಯಗಳಿಗೆ ಮಾತ್ರ ಕನೆರ್ವರು ತಂಡವನ್ನು ನೋಡಿಕೊಳ್ಳಬೇಕು. ಎಂದರೆ ಸಿಂಹಾಸನಕ್ಕೆ ಬೇರೊಬ್ಬರ ಹೆಸರನ್ನು ಬರೆದಾಗಿದೆ. ಇವರು ಪಾದುಕೆಗಳನ್ನು ಕಾಯತಕ್ಕವರು. ನಂದಿಗ್ರಾಮದ ಭರತನಿಗಾದರೂ ಪಾದುಕೆಗಳು ಅಣ್ಣನವಾಗಿದ್ದುವು.

ಆ ನಾಲ್ಕು ಪಂದ್ಯಗಳಲ್ಲಿ ನಡೆದುದೇನು? ಗ್ರೀಸ್ ದೇಶದಲ್ಲಿಯೇ ಗ್ರೀಕರನ್ನು 1-0ಯಿಂದ ಸೋಲಿಸಿದರು. ಫಾರೋ ದ್ವೀಪದವರನ್ನು ಅಷ್ಟೇ ಅಂತರದಿಂದ ಸೋಲಿಸಿದರು. ರುಮೇನಿಯದೊಡನೆಯೂ ಉತ್ತರ ಐರ್ಲೆಂಡಿನೊಡನೆಯೂ ಸಮವಾಗಿ ಆಡಿದರು. ನಾಲ್ಕರಲ್ಲಿ ಒಂದು ಸೋಲೂ ಇಲ್ಲ. ಆ ಬಳಿಕ ಕನೆರ್ವರು ಗೊತ್ತಾಗಿದ್ದಂತೆ ಅಧಿಕಾರವನ್ನು ಬಿಟ್ಟುಕೊಟ್ಟು ಮತ್ತೆ ಸಹಾಯಕನ ಪೀಠದಲ್ಲಿ ಕುಳಿತರು. ಹೊಸ ಯಜಮಾನರ ಕೈಯಲ್ಲಿ ತಂಡವು 2016ನೆಯ ಇಸವಿಯ ಉದ್ದಕ್ಕೂ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಸಂಘದವರು ಬಾಕೆಯವರನ್ನು ಬಿಡಿಸಿ, ಪಕ್ಕದಲ್ಲಿಯೇ ಕುಳಿತಿದ್ದ ಉಪಾಧ್ಯಾಯರನ್ನು ಕರೆದು ಪೂರ್ಣಾಧಿಕಾರವನ್ನು ಕೊಟ್ಟರು. ತನ್ನ ಕಣ್ಣೆದುರಿಗೆ ಕೆಲಸವು ಕೆಡುತ್ತಿರುವಾಗ ಸಹಾಯಕನಾಗಿ ಒಂದು ವರ್ಷ ಕುಳಿತಿರುವುದು ಎಷ್ಟು ಕಷ್ಟವೆಂಬುದನ್ನು ಕಛೇರಿಗಳಲ್ಲಿ ಎರಡನೆಯ ಗುಮಾಸ್ತರಾಗಿದ್ದವರೆಲ್ಲರೂ ಬಲ್ಲರು. ಆ ವರ್ಷದಲ್ಲಿ ಅವರು ಹೊರಟುಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರ ಚರಿತ್ರೆಯಲ್ಲಿ ಈ ಒಂದು ವರ್ಷವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಗೆಲುವುಗಳು ಆಮೇಲಿನವು.

ಗೆಲುವುಗಳು ಬಂದುವು. 2017ರ ಸೆಪ್ಟೆಂಬರಿನಲ್ಲಿ ಐಸ್ಲೆಂಡ್ ತಂಡವನ್ನು ತಾಂಪೆರೆ ನಗರದಲ್ಲಿ ಸೋಲಿಸಿದರು; ಅದು ಮರುವರ್ಷ ವಿಶ್ವಕಪ್ಪಿಗೆ ಹೋದ ತಂಡ. ಮರುವರ್ಷ ವಿಶ್ವಕಪ್ಪಿನ ಅಂತಿಮ ಪಂದ್ಯವನ್ನೇ ಆಡಿದ ಕ್ರೊಯೇಷಿಯದವರನ್ನು ಅಕ್ಟೋಬರಿನಲ್ಲಿ ಅವರ ನೆಲದಲ್ಲಿಯೇ 1-1ರಲ್ಲಿ ನಿಲ್ಲಿಸಿದರು. 2018ರಲ್ಲಿ ಯೂರೋಪಿನ ರಾಷ್ಟ್ರಗಳ ಲೀಗ್ ಎಂಬ ಹೊಸ ಸ್ಪರ್ಧೆಯ ಮೊದಲ ನಾಲ್ಕು ಪಂದ್ಯಗಳನ್ನೂ ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದು, ತಮ್ಮ ಗುಂಪಿನಲ್ಲಿ ಮೊದಲಿಗರಾದರು.

ಇದರ ಯುಕ್ತಿಯನ್ನು ಗೃಹಿಣಿಯರಿಗೂ ತಿಳಿಯುವಂತೆ ಹೇಳಬೇಕೆಂದರೆ ಹೀಗೆ ಹೇಳಬಹುದು. ಶ್ರೀಮಂತರ ಮನೆಯಲ್ಲಿ ವರಮಾನವನ್ನು ಹೆಚ್ಚಿಸುವ ಯೋಚನೆಯಾದರೆ, ಸಣ್ಣ ಸಂಬಳದ ಮನೆಯಲ್ಲಿ ಸೋರಿಕೆಯನ್ನು ನಿಲ್ಲಿಸುವ ಯೋಚನೆ. ಕನೆರ್ವರ ಆಟಗಾರರು ತಮ್ಮ ಗೋಲಿನ ಮುಂದೆ ಎರಡು ಸಾಲುಗಳಾಗಿ, ಸಾಲಿಗೂ ಸಾಲಿಗೂ ಅಂತರವು ಹೆಚ್ಚದಂತೆ, ಒಬ್ಬನು ಜರುಗಿದರೆ ಎಲ್ಲರೂ ಜರುಗುವಂತೆ ನಿಲ್ಲುತ್ತಿದ್ದರು. ಎದುರಾಳಿಯು ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಂಡಿರಲಿ. ಒಳಗೆ ನುಗ್ಗಲು ಸಂದಿಯಿರಬಾರದು. ಚೆಂಡು ಕೈಗೆ, ಎಂದರೆ ಕಾಲಿಗೆ, ಸಿಕ್ಕಿದೊಡನೆ ಮುಂದಿನವನಿಗೆ ಅದನ್ನು ಬೇಗನೆ ತಲುಪಿಸಬೇಕು. ಇದು ರಮಣೀಯವಾದ ಆಟವಲ್ಲವೆಂದು ಹಲವರು ಆಕ್ಷೇಪಿಸಿದರು. ಆಕ್ಷೇಪಣೆಯು ನಿಜವೇ. ಆದರೆ ಹನ್ನೊಂದು ಮಂದಿಯಲ್ಲಿ ಒಬ್ಬನೂ ತನ್ನ ಸ್ಥಾನವನ್ನು ಮರೆಯದೆ ತೊಂಬತ್ತು ನಿಮಿಷ ನಿಲ್ಲುವುದರಲ್ಲಿಯೂ ಒಂದು ಬಗೆಯ ಚೆಲುವಿದೆ. ಕ್ರಮಪಾಠವನ್ನು ತಪ್ಪಿಲ್ಲದೆ ಹೇಳುವ ವಟುಗಳ ಗುಂಪಿನಲ್ಲಿ ಇರುವಂತಹ ಚೆಲುವು ಅದು. ಮನುಸ್ಮೃತಿಯಲ್ಲಿ ಆಚಾರ್ಯನಿಗೂ ಉಪಾಧ್ಯಾಯನಿಗೂ ಭೇದವನ್ನು ಹೇಳಿದೆ: ವೇದವನ್ನು ಸಾಂಗವಾಗಿ ಹೇಳಿಕೊಡುವವನು ಆಚಾರ್ಯನು, ಜೀವನಕ್ಕಾಗಿ ಅದರ ಒಂದು ಭಾಗವನ್ನು ಕಲಿಸುವವನು ಉಪಾಧ್ಯಾಯನು. ಈ ಲೆಕ್ಕದಲ್ಲಿ ಕನೆರ್ವರು ಉಪಾಧ್ಯಾಯರೇ. ಒಂದು ಭಾಗವನ್ನು ಕಲಿಸಿದರು. ಅದನ್ನು ಮರೆಯದ ಹಾಗೆ ಕಲಿಸಿದರು.

ಯೂರೋಪಿನ 2020ರ ಮಹಾಸ್ಪರ್ಧೆಗೆ ಅರ್ಹತೆಯ ಪಂದ್ಯಗಳು 2019ರಲ್ಲಿ ನಡೆದುವು. ಹತ್ತು ಪಂದ್ಯಗಳಲ್ಲಿ ಫಿನ್ಲೆಂಡು ಆರನ್ನು ಗೆದ್ದಿತು, ನಾಲ್ಕನ್ನು ಸೋತಿತು. ಗೆದ್ದ ಆರರಲ್ಲಿಯೂ ಎದುರಾಳಿಗೆ ಒಂದು ಗೋಲನ್ನೂ ಕೊಡಲಿಲ್ಲ. ಕೊಟ್ಟ ಹತ್ತು ಗೋಲುಗಳೂ ಸೋತ ನಾಲ್ಕರಲ್ಲಿ ಹೋದುವು. ಸೋಲುವಾಗ ಧಾರಾಳವಾಗಿ ಸೋತು, ಗೆಲ್ಲುವಾಗ ಬಿಗಿಹಿಡಿಯುವ ಈ ಲೆಕ್ಕವನ್ನು ನೋಡಿದರೆ ಮನೆವಾರ್ತೆ ಬಲ್ಲವರಿಗೆ ನಗು ಬರಬಹುದು. ಹೊಡೆದ ಹದಿನಾರು ಗೋಲುಗಳಲ್ಲಿ ಹತ್ತು ಟೀಮು ಪುಕ್ಕಿ ಎಂಬ ಒಬ್ಬನವು. ಈ ಪುಕ್ಕಿಯು ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ಬಿನಲ್ಲಿ ಏಳಿಗೆಯನ್ನು ಕಾಣದೆ ಡೆನ್ಮಾರ್ಕಿಗೆ ಹೋಗಿ, ಅಲ್ಲಿ ನಾಲ್ಕು ವರ್ಷ ಕಳೆದು, ಇಂಗ್ಲೆಂಡಿನ ನಾರಿಚ್ ಕ್ಲಬ್ಬಿನಲ್ಲಿ ಇಪ್ಪತ್ತೆಂಟನೆಯ ವಯಸ್ಸಿನ ಮೇಲೆ ಹೆಸರು ಮಾಡಿದವನು. ಗೋಲನ್ನು ಕಾಯುತ್ತಿದ್ದ ಲೂಕಾಸ್ ಹ್ರಾದೆಟ್ಸ್ಕಿಯು ಬ್ರಾಟಿಸ್ಲಾವದಲ್ಲಿ ಹುಟ್ಟಿ, ಎಳೆತನದಲ್ಲಿಯೇ ಫಿನ್ಲೆಂಡಿಗೆ ಬಂದು ಬೆಳೆದವನು. ಸ್ಪಾರ್ವನು ಸ್ವೀಡಿಷ್ ಭಾಷೆಯನ್ನಾಡುವ ಫಿನ್ಲೆಂಡಿಗರ ಪಂಗಡದವನು. ಹೀಗೆ ನಾನಾ ಮೂಲದವರನ್ನು ಕೂಡಿಸಿದ ತಂಡವದು. ಅದರಲ್ಲಿ ಲಿತ್ಮನೆನ್ನನಂತಹ ಪ್ರತಿಭೆ ಯಾರಿಗೂ ಇರಲಿಲ್ಲವೆಂಬುದನ್ನು ಫಿನ್ಲೆಂಡಿಗರೇ ಒಪ್ಪುತ್ತಾರೆ.

2019ರ ನವೆಂಬರ್ 15ರ ರಾತ್ರಿ ಹೆಲ್ಸಿಂಕಿಯಲ್ಲಿ ಲೀಕ್ಟೆನ್‌ಸ್ಟೈನ್ ಎಂಬ ಪುಟ್ಟ ಸಂಸ್ಥಾನದ ತಂಡದೊಡನೆ ಪಂದ್ಯ. ಒಲಿಂಪಿಕ್ ಕ್ರೀಡಾಂಗಣವು ಆಗ ದುರಸ್ತಿಯಲ್ಲಿದ್ದುದರಿಂದ, ಸುಮಾರು ಹತ್ತು ಸಾವಿರ ಜನರು ಮಾತ್ರ ಹಿಡಿಯುವ ಚಿಕ್ಕ ಅಂಗಣದಲ್ಲಿ, ಕೃತಕವಾದ ಹುಲ್ಲಿನ ಮೇಲೆ ಆಡಬೇಕಾಯಿತು. ತುಯೊಮಿನೆನ್ ಎಂಬವನು ಒಂದು, ಪುಕ್ಕಿಯು ಎರಡು, ಹೀಗೆ ಮೂರು ಗೋಲುಗಳಾದುವು. ಎದುರಾಳಿ ದುರ್ಬಲನೆಂಬುದು ನಿಜ. ಆದರೆ 1997ರ ಹಂಗೆರಿಯ ಪಂದ್ಯವನ್ನು ಕಂಡವರಿಗೆ ಕೊನೆಯ ಸೀಟಿ ಕೇಳುವವರೆಗೆ ಧೈರ್ಯವಿದ್ದಿರಲಾರದು. ಸೀಟಿ ಕೇಳಿತು, ಜನರು ಬೇಲಿಯನ್ನು ಹಾರಿ ಬಯಲನ್ನೆಲ್ಲ ತುಂಬಿಬಿಟ್ಟರು. ಮಾತು ಕಡಮೆಯೆಂದೂ ಸಂತೋಷವನ್ನು ಹೊರಗೆ ತೋರರೆಂದೂ ಹೆಸರಾದ ಜನ ಅವರು.

ಹೆಲ್ಸಿಂಕಿಯ ಮಾತು ಬಂದುದರಿಂದ ನಮ್ಮವರ ಸುದ್ದಿಯೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. 1952ರ ಒಲಿಂಪಿಕ್ ಕ್ರೀಡೆಗಳು ಅಲ್ಲಿಯೇ ನಡೆದುವು. ಭಾರತದ ಕಾಲ್ಚೆಂಡಿನ ತಂಡವು ಯುಗೊಸ್ಲಾವಿಯದ ಎದುರು ಆಡಿ 10-1ರಿಂದ ಸೋತಿತು. ಆ ಚಳಿಯ ದೇಶದಲ್ಲಿ ನಮ್ಮ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು. ನಮ್ಮ ಕಡೆಯ ಆ ಒಂದು ಗೋಲನ್ನು ಆಟವು ಮುಗಿಯುವ ಹೊತ್ತಿಗೆ ಹೊಡೆದವನು ಬೆಂಗಳೂರಿನ ಅಹಮದ್ ಖಾನ್. ಹತ್ತು ಗೋಲುಗಳ ಕೆಳಗೆ ಹೂತುಹೋದ ಆ ಒಂದನ್ನು ನಮ್ಮ ಊರಿನವರೇ ಮರೆತಿರುವುದು ಸರಿಯಲ್ಲ.

ಮಹಾವ್ಯಾಧಿಯ ದೆಸೆಯಿಂದ 2020ರ ಸ್ಪರ್ಧೆಯು ಒಂದು ವರ್ಷ ಮುಂದಕ್ಕೆ ಹೋಯಿತು. ಆ ನಡುವೆ 2020ರ ನವೆಂಬರ್ 11ರಂದು ಫಿನ್ಲೆಂಡು ಪ್ಯಾರಿಸ್ಸಿನ ಬಳಿ, ಆಗ ವಿಶ್ವವಿಜೇತರಾಗಿದ್ದ ಫ್ರೆಂಚರನ್ನು ಸ್ನೇಹಪಂದ್ಯದಲ್ಲಿ 2-0ಯಿಂದ ಸೋಲಿಸಿತು. ಗೋಲುಗಳನ್ನು ಹೊಡೆದ ಇಬ್ಬರು ತರುಣರಿಗೂ ದೇಶದ ಪರವಾಗಿ ಅದು ಮೊದಲನೆಯ ಪಂದ್ಯ.

2021ರ ಜೂನ್ 12, ಕೋಪನ್‌ಹೇಗನ್ ನಗರ. ಮಹಾಸ್ಪರ್ಧೆಯಲ್ಲಿ ಫಿನ್ಲೆಂಡಿನ ಮೊಟ್ಟಮೊದಲ ಪಂದ್ಯ, ಎದುರಾಳಿ ಡೆನ್ಮಾರ್ಕು. ಮೊದಲರ್ಧವು ಮುಗಿಯಲು ಕೆಲವೇ ನಿಮಿಷಗಳಿರುವಾಗ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸೆನ್ ಎಂಬ ಶ್ರೇಷ್ಠ ಆಟಗಾರನು, ಯಾರ ಮೈಯೂ ತಾಗದೆ, ಬುಡ ಕಡಿದ ಮರದಂತೆ ಬಯಲಿನ ಮೇಲೆ ಬಿದ್ದನು. ಹೃದಯವು ನಿಂತುಹೋಗಿತ್ತು. ವೈದ್ಯರು ಓಡಿಬಂದು ಎದೆಯನ್ನು ಒತ್ತತೊಡಗಿದರು. ಅವನ ಜೊತೆಗಾರರು ಹೊರಮುಖವಾಗಿ ಸುತ್ತ ನಿಂತು, ಲೋಕದ ಕಣ್ಣಿಗೆ ಅವನು ಬೀಳದಂತೆ ಮರೆಮಾಡಿದರು. ಅವನನ್ನು ಹೊತ್ತುಕೊಂಡು ಹೋಗುವಾಗ ಫಿನ್ಲೆಂಡಿನ ಬಾವುಟಗಳೂ ಪರದೆಯಾದುವು. ಅವನಿಗೆ ಎಚ್ಚರವಾಯಿತೆಂಬ ಸುದ್ದಿ ಬಂದಾಗ ಅಂಗಣದಲ್ಲಿ ಒಂದು ಕಡೆಯಿಂದ ಫಿನ್ಲೆಂಡಿನವರು ಕ್ರಿಸ್ಟಿಯನ್ ಎಂದು ಕೂಗಿದರು. ಇನ್ನೊಂದು ಕಡೆಯಿಂದ ಡೆನ್ಮಾರ್ಕಿನವರು ಎರಿಕ್ಸೆನ್ ಎಂದು ಪೂರ್ತಿಮಾಡಿದರು. ಒಂದು ಹೆಸರನ್ನು ಎರಡು ದೇಶಗಳು ಹಂಚಿಕೊಂಡು ಕೂಗಿದ ಆ ಗಳಿಗೆಯನ್ನು ಕುರಿತು ಹೆಚ್ಚು ಬರೆಯಲಾರೆ. ಎರಿಕ್ಸೆನ್ನನು ಬದುಕಿದನು, ಎದೆಯಲ್ಲಿ ಯಂತ್ರವೊಂದನ್ನು ಇರಿಸಿಕೊಂಡು ಮರುವರ್ಷ ಮತ್ತೆ ಬಯಲಿಗಿಳಿದನು.

ಅಂದು ಆಟವು ಒಂದೂಮುಕ್ಕಾಲು ಗಂಟೆಯ ಮೇಲೆ ಮತ್ತೆ ಮೊದಲಾಯಿತು. 60ನೆಯ ನಿಮಿಷದ ಹೊತ್ತಿಗೆ ಯೊಯೆಲ್ ಪೊಹ್ಯನ್‌ಪಾಲೊ ಎಂಬವನು ತಲೆಯಿಂದ ಚೆಂಡನ್ನು ಗೋಲಿಗೆ ಹಾಕಿದನು. ತನ್ನ ದೇಶವು ಶತಮಾನಕಾಲ ಕಾದಿದ್ದ ಗೋಲು ಅದು. ಅವನು ಕುಣಿಯಲಿಲ್ಲ, ಕೈಯೆತ್ತಿ ಜೊತೆಗಾರರನ್ನು ತಡೆದನು. ಬಳಿಕ ಡೆನ್ಮಾರ್ಕಿಗೆ ದೊರೆತ ದಂಡದ ಹೊಡೆತವನ್ನು ಹ್ರಾದೆಟ್ಸ್ಕಿಯು ಹಿಡಿದನು. ಡೆನ್ಮಾರ್ಕಿನವರು ಇಪ್ಪತ್ತಕ್ಕಿಂತ ಹೆಚ್ಚು ಸಲ ಗೋಲಿನತ್ತ ಹೊಡೆದಿದ್ದರು; ಫಿನ್ಲೆಂಡಿನವರು ಹೊಡೆದದ್ದು ಒಂದೇ ಸಲ. ಪಂದ್ಯವು 1-0ಯಿಂದ ಮುಗಿಯಿತು. ಅದನ್ನು ಗೆಲುವೆಂದು ಎಣಿಸುವುದು ಹೇಗೆಂದು ನನಗೆ ಇಂದಿಗೂ ಸಂಶಯ. ಸ್ನೇಹಿತನ ಪ್ರಾಣಕ್ಕಾಗಿ ಅಳುತ್ತಿದ್ದವರನ್ನು ಅದೇ ರಾತ್ರಿ ಆಡಿಸಿದುದು ಅಧಿಕಾರಿಗಳ ತಪ್ಪೆಂದೇ ನನ್ನ ಅಭಿಪ್ರಾಯ. ಮಾರನೆಯ ದಿನ ಆಡಬಹುದೆಂಬ ಆಯ್ಕೆಯನ್ನು ಕೊಟ್ಟಿದ್ದರಂತೆ. ನಿದ್ದೆಯಿಲ್ಲದ ರಾತ್ರಿಯನ್ನು ಕಳೆದು ಆಡುವುದು ಆಯ್ಕೆಯೆ? ಆದರೆ ಆ ಸಂಕಟದಲ್ಲಿ ಫಿನ್ಲೆಂಡಿನ ತಂಡದವರಾಗಲಿ ಅವರ ಜನರಾಗಲಿ ಒಂದು ನಡತೆಯನ್ನೂ ತಪ್ಪಲಿಲ್ಲ. ಉಪಾಧ್ಯಾಯನು ಇಂತಹುದನ್ನು ಪಾಠಪಟ್ಟಿಯಲ್ಲಿ ಬರೆದು ಕಲಿಸಲಾರನು.

ಆಮೇಲೆ ಪೀಟರ್ಸ್‌ಬರ್ಗಿನಲ್ಲಿ ರಷ್ಯದೊಡನೆ ಆಡಿ ಒಂದು ಗೋಲಿನಿಂದ ಸೋತರು. ಅಲ್ಲಿ ಆರಂಭದಲ್ಲಿಯೇ ಪೊಹ್ಯನ್‌ಪಾಲೊ ಹಾಕಿದ ಗೋಲನ್ನು, ಅವನು ಸ್ವಲ್ಪ ಮುಂದಿದ್ದನೆಂದು ಚಿತ್ರಗಳನ್ನು ನೋಡಿ ತಳ್ಳಿಹಾಕಿದರು. ಮೂರನೆಯದು ಬೆಲ್ಜಿಯಮ್ಮಿನೊಡನೆ. ಸಮವಾದರೂ ಸಾಕಾಗಿತ್ತು. 74ನೆಯ ನಿಮಿಷದವರೆಗೆ ಎರಡು ಸಾಲುಗಳೂ ಅಲುಗಲಿಲ್ಲ. ಆಗ ಎದುರಾಳಿಯೊಬ್ಬನ ತಲೆಯಿಂದ ಬಂದ ಚೆಂಡು ಗೋಲಿನ ಕಂಬಕ್ಕೆ ತಗಲಿ, ಹಿಂದಕ್ಕೆ ನೆಗೆದು, ಹ್ರಾದೆಟ್ಸ್ಕಿಯ ಕೈಗೆ ಬಡಿದು ಗೆರೆಯನ್ನು ದಾಟಿತು. ಅವನೇ ತನ್ನ ಮೇಲೆ ಹೊಡೆದುಕೊಂಡ ಗೋಲೆಂದು ಲೆಕ್ಕದ ಪುಸ್ತಕದಲ್ಲಿ ಬರೆದಿದ್ದಾರೆ. ಇಡೀ ಸ್ಪರ್ಧೆಯಲ್ಲಿ ತಂಡವನ್ನು ಕಾದವನು ಅವನೇ. ಇನ್ನೊಂದು ಗೋಲೂ ಆಗಿ ಫಿನ್ಲೆಂಡಿನವರು ಮನೆಗೆ ಹಿಂದಿರುಗಿದರು. ಅವರಿಂದ ಸೋತಿದ್ದ ಡೆನ್ಮಾರ್ಕಿನವರು ಮುಂದೆ ಹೋಗಿ ಕೊನೆಯ ನಾಲ್ವರಲ್ಲಿ ಒಬ್ಬರಾದರು.

ಅನಂತರದ ಮೂರು ವರ್ಷಗಳನ್ನು ಬೇಗನೆ ಹೇಳಿಬಿಡಬಹುದು. 2021ರಲ್ಲಿಯೇ ಪುಕ್ಕಿಯು ಲಿತ್ಮನೆನ್ನನ 32 ಗೋಲುಗಳ ದಾಖಲೆಯನ್ನು ಮೀರಿದನು. ಆ ವರ್ಷದ ನವೆಂಬರಿನಲ್ಲಿ ಬಾಸ್ನಿಯದ ನೆಲದಲ್ಲಿ ಹತ್ತೇ ಜನ ಉಳಿದೂ 3-1ರಿಂದ ಗೆದ್ದು ವಿಶ್ವಕಪ್ಪಿನ ಆಸೆಯನ್ನು ಉಳಿಸಿಕೊಂಡರು. ಮೂರು ದಿನಗಳ ಮೇಲೆ ಫ್ರಾನ್ಸಿನ ಎದುರು ಆ ಆಸೆ ಹೋಯಿತು. 2024ರ ಮಾರ್ಚಿಯಲ್ಲಿ ಕಾರ್ಡಿಫ್ ನಗರದಲ್ಲಿ ವೇಲ್ಸಿನವರ ಕೈಯಲ್ಲಿ 4-1ರಿಂದ ಸೋತು, ಇನ್ನೊಂದು ಮಹಾಸ್ಪರ್ಧೆಯ ಬಾಗಿಲೂ ಮುಚ್ಚಿತು. ಸ್ಪಾರ್ವನು ಆಟವನ್ನು ಬಿಟ್ಟಿದ್ದನು, ಪುಕ್ಕಿಗೆ ವಯಸ್ಸಾಗಿತ್ತು, ಬಿಗಿಯಾಗಿದ್ದ ಸಾಲುಗಳಲ್ಲಿ ಸಂದಿಗಳು ಕಾಣಿಸಿಕೊಂಡುವು. ಅದೇ ಪಾಠವನ್ನು ಹೊಸ ಹುಡುಗರಿಗೆ ಹೇಳಬೇಕೆ, ಹೊಸ ಪಾಠವನ್ನೇ ಬರೆಯಬೇಕೆ ಎಂಬುದು ಬಹುಕಾಲ ಒಂದೇ ಶಾಲೆಯಲ್ಲಿದ್ದ ಉಪಾಧ್ಯಾಯನಿಗೆ ಬಾರದೆ ಇರದ ಪ್ರಶ್ನೆ. ಹೊಸ ರೀತಿಯನ್ನು ಅವರು ಯತ್ನಿಸದೆ ಇರಲಿಲ್ಲ. ಆದರೆ 2024ರ ಶರತ್ಕಾಲದಲ್ಲಿ ಇಂಗ್ಲೆಂಡು, ಗ್ರೀಸ್, ಐರ್ಲೆಂಡು ಈ ಮೂರು ತಂಡಗಳೊಡನೆ ಆಡಿದ ಆರು ಪಂದ್ಯಗಳನ್ನೂ ಸೋತರು. ಒಂಬತ್ತು ವರ್ಷಗಳ ಹಿಂದೆ ತಾತ್ಕಾಲಿಕ ಶಿಕ್ಷಕರಾಗಿ ಅವರು ಮೊದಲು ಸೋಲಿಸಿದುದು ಗ್ರೀಕರನ್ನೇ. ಆರನೆಯ ಸೋಲು ಹೆಲ್ಸಿಂಕಿಯಲ್ಲಿ ಆ ಗ್ರೀಕರ ಕೈಯಿಂದಲೇ ಬಂದಿತು.

ಆ ನವೆಂಬರ್ ತಿಂಗಳಲ್ಲಿಯೇ ಅವರ ಅಧಿಕಾರವು ಮುಗಿಯಿತು. ಎಂಟು ವರ್ಷಗಳಾಗಿದ್ದುವು. 2025ರ ಜನವರಿಯಲ್ಲಿ ಆ ಸ್ಥಾನಕ್ಕೆ ಯಾಕೊಬ್ ಫ್ರೀಸ್ ಎಂಬವರು ನೇಮಕವಾದರು. ಅವರು ಡೆನ್ಮಾರ್ಕಿನವರು.